ಹೇಳಿದ ಹಾಗೆ ಕೇಳುವುದು

ಹೆಣ್ಣು ನೋಡಲು ಬಂದವರ ಮುಂದೆ ನಮ್ಮ ಕಡೆಯ ತಾಯಂದಿರು ಆಡುವ ಮಾತುಗಳಲ್ಲಿ ಒಂದು ಮಾತು ಎಂದೂ ತಪ್ಪುವುದಿಲ್ಲ. ‘ನಮ್ಮ ಹುಡುಗಿ ಎದುರು ಮಾತಾಡುವವಳಲ್ಲ, ಹೇಳಿದ ಹಾಗೆ ಕೇಳುತ್ತಾಳೆ.’ ಬಣ್ಣ ಒಂದು ಪಟ್ಟು ಕಡಿಮೆಯಿದ್ದರೂ, ಓದು ಅರ್ಧಕ್ಕೆ ನಿಂತಿದ್ದರೂ, ಈ ಒಂದು ಮಾತು ಎಲ್ಲ ಕೊರತೆಯನ್ನೂ ತುಂಬಿಬಿಡುತ್ತದೆ. ಶಾಲೆಗಳಲ್ಲೂ ಅಷ್ಟೆ. ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಗಂಡು ಮಕ್ಕಳನ್ನು ಹೊಗಳುವಾಗ ‘ಚುರುಕು’, ‘ಬುದ್ಧಿವಂತ’ ಎನ್ನುತ್ತೇವೆ. ಹೆಣ್ಣು ಮಕ್ಕಳ ಸರದಿ ಬಂದಾಗ ನಾಲಿಗೆ ತಾನಾಗಿಯೇ ‘ವಿಧೇಯಳು’ ಎನ್ನುತ್ತದೆ. ಚುರುಕು ಎನ್ನುವುದು ಬುದ್ಧಿಯ ಮಾತಾಯಿತು, ವಿಧೇಯ ಎನ್ನುವುದು ಬೆನ್ನುಮೂಳೆಯ ಮಾತಾಯಿತು. ಬಾಗುತ್ತದೆಯೋ ಇಲ್ಲವೋ ಎಂದು ನೋಡುವುದು!

ಇದೇ ಹೊಗಳಿಕೆಯನ್ನು ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಯಂತ್ರದ ವಿಷಯದಲ್ಲಿ ಆಡಿದ್ದನ್ನು ಕೇಳಿದೆ. ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕು ಕುಳಿತಿದೆ. ಯಂತ್ರಕ್ಕೂ ಸಲ್ಲುವ ಗುಣ ಮನುಷ್ಯರಲ್ಲಿ ದೊಡ್ಡ ಗುಣ ಹೇಗಾದೀತು? ಹೇಳಿದ ಹಾಗೆ ಕೇಳುವುದು ನಿಜಕ್ಕೂ ಒಳ್ಳೆಯತನವೇ, ಅಥವಾ ಒಳ್ಳೆಯತನದ ಹಾಗೆ ಕಾಣುವ ಬೇರೇನೋ ಒಂದೇ?

ಮೊದಲು ಆ ಯಂತ್ರದ ವಿಷಯ ಹೇಳಬೇಕು. ನನ್ನ ತಂಗಿಯ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಚಿಕ್ಕಂದಿನಿಂದಲೂ ಅವಳಿಗೆ ವಿಮಾನದ ಹುಚ್ಚು. ರೇಡಿಯೋ ಅಲೆಯಿಂದ ಹಾರಿಸುವ ಮಾದರಿ ವಿಮಾನಗಳನ್ನು ತಾನೇ ಮಾಡುತ್ತಾಳೆ. ಅವುಗಳ ರೆಕ್ಕೆಯನ್ನು ಥರ್ಮಾಕೋಲಿನಂಥ ಹಗುರ ಫೋಮಿನಲ್ಲಿ ಕತ್ತರಿಸಬೇಕು. ಚಾಕು ಹಾಕಿದರೆ ಫೋಮು ಪುಡಿಪುಡಿಯಾಗುತ್ತದೆ. ಕಾದ ತಂತಿಯಾದರೆ ಬೆಣ್ಣೆಯಲ್ಲಿ ದಾರ ಎಳೆದಂತೆ ನುಣ್ಣಗೆ ಹೋಗುತ್ತದೆ. ಆದರೆ ಕೈಯಲ್ಲಿ ಹಿಡಿದ ತಂತಿ ಎಲ್ಲಿ ತಡೆದರೆ ಅಲ್ಲಿ ಗುಳಿ. ಅದಕ್ಕೆಂದೇ ಅವಳು ಮನೆಯ ಹಿಂದಿನ ಸೌದೆ ಕೋಣೆಯಲ್ಲಿ ಒಂದು ಸಿ.ಎನ್.ಸಿ. ಯಂತ್ರ ಕಟ್ಟಿಕೊಂಡಳು. ಅಂದರೆ, ಬರೆದುಕೊಟ್ಟ ಅಂಕಿಗಳನ್ನು ಓದಿಕೊಂಡು ತಾನೇ ಚಲಿಸುವ ಯಂತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ನಾಲ್ಕು ಮೋಟಾರು, ಅಲ್ಯೂಮಿನಿಯಂ ಪಟ್ಟಿಗಳು, ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು, ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್ ತಂತಿ, ಇಷ್ಟೇ ಸಾಮಾನು. ಎಡಗಡೆ ಒಂದು ಕಂಬ, ಬಲಗಡೆ ಒಂದು ಕಂಬ, ನಡುವೆ ಬಿಗಿದ ತಂತಿ. ಎರಡು ಕಂಬಗಳೂ ಮುಂದೆ ಹಿಂದೆ, ಮೇಲೆ ಕೆಳಗೆ ಸರಿಯುತ್ತವೆ.

ಕಂಪ್ಯೂಟರಿನಲ್ಲಿ ಬರೆದ ಚಿತ್ರಕ್ಕೆ ಕ್ಯಾಡ್ ಚಿತ್ರ ಎನ್ನುತ್ತಾರೆ. ಅದನ್ನು ನೋಡಿ ಯಂತ್ರವೇ ಕತ್ತರಿಸುತ್ತದೆ ಎಂದು ನಾನು ಎಣಿಸಿದ್ದೆ. ಹಾಗಲ್ಲವಂತೆ. ಯಂತ್ರಕ್ಕೆ ಚಿತ್ರ ಕಾಣುವುದಿಲ್ಲ. ಚಿತ್ರವನ್ನು ಬಿಂದುಗಳಾಗಿ ಒಡೆದು, ಪ್ರತಿ ಬಿಂದುವಿನ ಜಾಗವನ್ನು ಅಂಕಿಯಲ್ಲಿ ಬರೆದು, ‘ಇಲ್ಲಿಂದ ಇಲ್ಲಿಗೆ ಇಷ್ಟು ವೇಗದಲ್ಲಿ ಹೋಗು’ ಎಂದು ಒಂದೊಂದು ಸಾಲಾಗಿ ಹೇಳಬೇಕು. ಈ ಸಾಲುಗಳ ಭಾಷೆಗೆ ಜಿ-ಕೋಡ್ ಎಂದು ಹೆಸರು. ‘ಜಿ1 ಎಕ್ಸ್100 ವೈ12 ಯು70 ವಿ8.4 ಎಫ್200’ ಎಂದು ಒಂದು ಸಾಲು ಇತ್ತು. ಎಡಗಂಬ ಮುಂದಕ್ಕೆ 100, ಮೇಲಕ್ಕೆ 12 ಮಿಲಿಮೀಟರಿನ ಗುರುತಿಗೆ ಹೋಗಲಿ. ಅಷ್ಟೇ ಹೊತ್ತಿನಲ್ಲಿ ಬಲಗಂಬ 70ಕ್ಕೂ 8.4ಕ್ಕೂ ಹೋಗಲಿ, ವೇಗ ನಿಮಿಷಕ್ಕೆ 200 ಮಿಲಿಮೀಟರ್ ಇರಲಿ ಎಂದು ಅದರ ಅರ್ಥ. ಇಂಥ ಸಾಲುಗಳು ನೂರಾರು.

ಓದುವ ಸೋದರಿಯರು ಇದು ನಮಗೆ ದೂರದ ವಿದ್ಯೆ ಎಂದು ಪುಟ ಮಗುಚಬಾರದು. ‘ಹದಿನೈದರಿಂದ ಎಂಟು, ನಡುಚುಕ್ಕಿ’ ಎಂದು ರಂಗೋಲಿ ಪುಸ್ತಕದಲ್ಲಿ ಓದಿ, ನೋಡದೇ ಇದ್ದ ರಂಗೋಲಿಯನ್ನು ಬಾಗಿಲಲ್ಲಿ ಇಳಿಸಿದವರು ನಾವು. ‘ಎರಡು ಸೀದಾ, ಎರಡು ಉಲ್ಟಾ’ ಎಂದು ಗೊಣಗುತ್ತ ಸ್ವೆಟರ್ ಹೆಣೆದವರು ನಾವು. ಚಿತ್ರವನ್ನು ಅಂಕಿಯಾಗಿಸುವುದು, ಅಂಕಿಯನ್ನು ಮತ್ತೆ ಚಿತ್ರವಾಗಿಸುವುದು ನಮ್ಮ ಕೈಗಳಿಗೆ ಹೊಸದಲ್ಲ. ಬನಾರಸ್ ಸೀರೆಯ ಜಕಾರ್ಡ್ ಮಗ್ಗದಲ್ಲಿ ತೂತಿನ ರಟ್ಟುಗಳು ಮಾಡುವುದೂ ಇದೇ ಕೆಲಸ. ಫ್ರಾನ್ಸಿನ ಜಕಾರ್ಡ್ ಎಂಬಾತ ಆ ಮಗ್ಗವನ್ನು ರೂಪಿಸಿ ಇನ್ನೂರು ವರ್ಷ ದಾಟಿದೆ. 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ತೂತಿನ ಕಾಗದದ ಪಟ್ಟಿಯನ್ನು ಓದಿ ಲೋಹ ಕೊರೆಯುವ ಯಂತ್ರವನ್ನು ತೋರಿಸಿದರು. ಅದರ ಹಿಂದಿದ್ದ ಜಾನ್ ಪಾರ್ಸನ್ಸ್ ಎಂಬಾತನ ತಲೆನೋವು ಹೆಲಿಕಾಪ್ಟರಿನ ರೆಕ್ಕೆಯದು. ರೆಕ್ಕೆಯ ಬಾಗನ್ನು ಬಿಂದುಗಳಲ್ಲಿ ಹೇಗೆ ಹೇಳಿಕೊಡುವುದು ಎಂಬ ಅದೇ ಪ್ರಶ್ನೆ ಇವತ್ತು ನಮ್ಮ ಸೌದೆ ಕೋಣೆಗೆ ಬಂದಿದೆ.

ಆ ಕೋಣೆಯಲ್ಲಿ ಕುಳಿತು ನೋಡುವಾಗ ನನಗೆ ಬೆರಗಾದದ್ದು ಯಂತ್ರದ ಜಾಣತನವಲ್ಲ, ಅದರ ಮುಗ್ಧತೆ. ಚಿತ್ರದಲ್ಲಿ ಎರಡು ಗೆರೆಗಳು ಕೂಡಿದಂತೆ ನಮ್ಮ ಕಣ್ಣಿಗೆ ಕಾಣುತ್ತವೆ. ಕೂದಲೆಳೆಯಷ್ಟು ಅಂತರವಿದ್ದರೂ ಕಂಪ್ಯೂಟರಿಗೆ ಅವು ಬೇರೆ ಬೇರೆ ಗೆರೆಗಳು. ಒಂದೇ ಗೆರೆಯನ್ನು ತಿಳಿಯದೆ ಎರಡು ಸಲ ಬರೆದಿದ್ದರೆ ತಂತಿ ಅದೇ ದಾರಿಯಲ್ಲಿ ಎರಡು ಸಲ ಹೋಗಿ ಹೆಚ್ಚು ಕರಗಿಸುತ್ತದೆ. ಪೆನ್ನಿನ ಹಾಗೆ ತಂತಿಯನ್ನು ಎತ್ತಿ ಇನ್ನೊಂದು ಕಡೆ ಇಡಲು ಬರುವುದಿಲ್ಲ. ಎಳೆ ರಂಗೋಲಿಯಂತೆ ಕೈ ಎತ್ತದೆ ಒಂದೇ ದಾರಿಯಲ್ಲಿ ಮುಗಿಸಬೇಕು. ಪ್ಯಾಕಿಂಗ್ ಡಬ್ಬಿಯಲ್ಲಿ ಬಂದಿದ್ದ ಹಳೆಯ ಥರ್ಮಾಕೋಲಿನಲ್ಲಿ ನನ್ನ ತರಗತಿಗೆಂದು ಅವಳು ಕನ್ನಡ ಅಕ್ಷರಗಳನ್ನು ಕತ್ತರಿಸಿಕೊಟ್ಟಳು. ‘ಠ’ ಅಕ್ಷರದ ಒಳಗಿನ ಖಾಲಿ ಜಾಗ ತೆಗೆಯಲು ಪಕ್ಕದಿಂದ ಒಂದು ಸೀಳು ಬಿಟ್ಟು ತಂತಿ ಒಳಗೆ ಹೋಗಬೇಕು. ನಡುವಿನ ಚುಕ್ಕಿ ಹಿಡಿದುಕೊಳ್ಳುವವರಿಲ್ಲದೆ ಉದುರಿ ಬೀಳುತ್ತದೆ. ‘ಠ’ಕ್ಕೆ ಚುಕ್ಕಿ ಬೇಕೆಂದು ಒಂದನೇ ತರಗತಿಯ ಮಗುವಿಗೂ ಗೊತ್ತು. ಯಂತ್ರಕ್ಕೆ ಅದು ‘ಠ’ ಎಂಬುದೇ ಗೊತ್ತಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾದ ತಂತಿ ತನ್ನ ದಪ್ಪಕ್ಕಿಂತ ಹೆಚ್ಚು ಫೋಮನ್ನು ಕರಗಿಸುತ್ತದೆ. ಅಷ್ಟನ್ನು ಮೊದಲೇ ಲೆಕ್ಕ ಹಾಕಿ ದಾರಿಯನ್ನು ಹೊರಗೆ ಸರಿಸಬೇಕು. ರವಿಕೆ ಕತ್ತರಿಸುವಾಗ ಹೊಲಿಗೆಗೆಂದು ಅರ್ಧ ಅಂಗುಲ ಬಿಡುತ್ತೇವಲ್ಲ, ಹಾಗೆ. ಆದರೆ ವಿಮಾನದ ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಇಬ್ಬರು ಹೆಂಗಸರು ಸೀರೆಯ ಎರಡು ತುದಿ ಹಿಡಿದು ಮಡಿಸುವ ಹಾಗೆ ಎರಡು ಕಂಬಗಳೂ ಒಟ್ಟಿಗೆ ಹೊರಟು ಒಟ್ಟಿಗೆ ತಲುಪಬೇಕು. ಕಿರಿದಾದ ಕಡೆಯದಕ್ಕೆ ದಾರಿ ಕಡಿಮೆ, ಹಾಗಾಗಿ ಅದು ನಿಧಾನ. ನಿಧಾನವಾದ ಕಡೆ ತಂತಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಚ್ಚು ಕರಗುತ್ತದೆ. ಆದ್ದರಿಂದ ಎರಡು ಕಡೆಗೂ ಬೇರೆ ಬೇರೆ ಲೆಕ್ಕ. ಇದನ್ನೆಲ್ಲ ಹೇಳಿದರೆ ಯಂತ್ರ ಮಾಡುತ್ತದೆ. ಹೇಳದಿದ್ದರೆ? ‘ಅಮ್ಮಾ, ತುದಿ ತೆಳ್ಳಗಾಗುತ್ತಿದೆ’ ಎಂದು ಅದು ಒಮ್ಮೆಯೂ ಕೂಗುವುದಿಲ್ಲ.

ಅಳತೆಯ ವಿಷಯವಂತೂ ಕೇಳಲೇಬೇಡಿ. ಆರಂಭದಲ್ಲಿ ‘ಜಿ21’ ಎಂದು ಬರೆದರೆ ಮುಂದಿನ ಅಂಕಿಗಳೆಲ್ಲ ಮಿಲಿಮೀಟರ್. ‘ಜಿ20’ ಎಂದರೆ ಇಂಚು. ಒಂದೇ ಒಂದು ಅಂಕಿಯ ವ್ಯತ್ಯಾಸ. 200 ಮಿಲಿಮೀಟರ್ ಎಂದರೆ ಒಂದು ಗೇಣು. 200 ಇಂಚು ಎಂದರೆ ಐದು ಮೀಟರಿಗೂ ಮಿಕ್ಕಿ. ಮೇಜೇ ಅಷ್ಟುದ್ದ ಇಲ್ಲವಲ್ಲ ಎಂದು ಯಂತ್ರ ಯೋಚಿಸುವುದಿಲ್ಲ. ಕಂಬ ಹೋಗಿ ಕೊನೆಗೆ ತಾಗಿ ನಿಲ್ಲುತ್ತದೆ, ಮೋಟಾರು ಗರಗರ ಎನ್ನುತ್ತಲೇ ಇರುತ್ತದೆ. ಇಂಥ ಅಗ್ಗದ ಮೋಟಾರುಗಳಿಗೆ ತಾವು ನಿಂತುಬಿಟ್ಟಿದ್ದೇವೆ ಎಂಬುದೂ ತಿಳಿಯುವುದಿಲ್ಲವಂತೆ. ಎಷ್ಟು ಹೆಜ್ಜೆ ಇಡಬೇಕೆಂದು ಹೇಳಿದೆಯೋ ಅಷ್ಟನ್ನು ಎಣಿಸಿ ‘ಆಯಿತು’ ಎನ್ನುತ್ತವೆ. ದೊಡ್ಡವರ ಮನೆಯಲ್ಲೂ ಇದು ನಡೆದದ್ದುಂಟು. ಮಂಗಳ ಗ್ರಹಕ್ಕೆ ಅಮೆರಿಕದ ನಾಸಾ ಕಳಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರಿನಲ್ಲಿ ನಾಶವಾಯಿತು. ಒಂದು ತಂಡದ ಲೆಕ್ಕ ಪೌಂಡಿನಲ್ಲಿತ್ತು, ಅದನ್ನು ಓದುವ ತಂಡದ ಲೆಕ್ಕ ನ್ಯೂಟನ್ನಿನಲ್ಲಿತ್ತು. ಎರಡೂ ಕಡೆಯ ಯಂತ್ರಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದವು.

1843ರಲ್ಲಿ, ಕಂಪ್ಯೂಟರು ಇನ್ನೂ ಕಾಗದದ ಮೇಲಿನ ಕನಸಾಗಿದ್ದಾಗಲೇ, ಏಡಾ ಲವ್‌ಲೇಸ್ ಎಂಬ ಇಂಗ್ಲಿಷ್ ಹೆಣ್ಣುಮಗಳು ಈ ಮಾತನ್ನು ಗುರುತಿಸಿದ್ದಳು. ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ ಲೆಕ್ಕದ ಯಂತ್ರದ ಬಗ್ಗೆ ಬರೆಯುತ್ತ, ಅದು ತಾನಾಗಿ ಏನನ್ನೂ ಹುಟ್ಟಿಸಲಾರದು, ನಾವು ಆಜ್ಞೆ ಮಾಡಲು ಬಲ್ಲದ್ದನ್ನು ಮಾತ್ರ ಮಾಡಬಲ್ಲದು ಎಂಬರ್ಥದ ಮಾತು ಹೇಳಿದಳು. ಆಜ್ಞೆ ಮಾಡುವವರ ಬುದ್ಧಿ ಎಷ್ಟೋ ಆಜ್ಞೆ ಪಾಲಿಸುವ ಯಂತ್ರದ ಯೋಗ್ಯತೆಯೂ ಅಷ್ಟೇ ಎಂದಾಯಿತು.

ಈಗ ಆ ಹೊಗಳಿಕೆಯ ಮಾತಿಗೆ ಬರುತ್ತೇನೆ. ಕಳೆದ ವರ್ಷ ಮದುವೆ ಕಂಟ್ರಾಕ್ಟು ಹಿಡಿಯುವವರೊಬ್ಬರು ಮನೆಗೆ ಬಂದರು. ಮಂಟಪದ ಹಿಂದೆ ನಿಲ್ಲಿಸಲು ವಧೂವರರ ಹೆಸರು, ಎರಡು ನವಿಲು, ಒಂದಿಷ್ಟು ಕಮಲಗಳನ್ನು ಥರ್ಮಾಕೋಲಿನಲ್ಲಿ ಕತ್ತರಿಸಿಕೊಡಬೇಕು, ತಿಂಗಳಿಗೆ ನಾಲ್ಕೈದು ಮದುವೆಯ ಕೆಲಸ ಖಾತ್ರಿ ಎಂದರು. ನಮ್ಮ ಹುಡುಗಿ ಆಗುವುದಿಲ್ಲ ಎಂದಳು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲಿ ನಿಷೇಧಿಸಿದಾಗ ಅಲಂಕಾರದ ಥರ್ಮಾಕೋಲೂ ಆ ಪಟ್ಟಿಯಲ್ಲಿ ಸೇರಿದೆ. ಒಂದು ಸಂಜೆಯ ಶೋಭೆಗಾಗಿ ಮಾಡಿದ್ದು ಮರುದಿನ ಕೆರೆಯ ಅಂಚಿಗೆ ಬೀಳುತ್ತದೆ, ಕೊಳೆಯುವುದಿಲ್ಲ, ದನದ ಹೊಟ್ಟೆ ಸೇರುತ್ತದೆ ಎಂದು ಅವಳ ವಾದ. ‘ಎಲ್ಲರೂ ಮಾಡುತ್ತಿದ್ದಾರಲ್ಲಮ್ಮ, ಯಾರು ನೋಡುತ್ತಾರೆ?’ ಎಂದು ಬಂದವರು ನಕ್ಕರು. ಅವಳು ನಗಲಿಲ್ಲ. ಅವರು ಎದ್ದು ಹೋದರು.

ನನ್ನ ತಂಗಿಗೆ ಸಿಟ್ಟು ಬಂದದ್ದು ಸಹಜ. ಗಂಡನ ಕೆಲಸ ಹೋಗಿ ವರ್ಷವಾಗಿತ್ತು. ಮನೆಗೆ ಬರುವ ಲಕ್ಷ್ಮಿಗೆ ಯಾರಾದರೂ ಬಾಗಿಲು ಹಾಕುತ್ತಾರೆಯೇ? ಕೋಣೆಯ ಬಾಗಿಲಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಅಂದಳು: ‘ನಿನಗಿಂತ ನಿನ್ನ ಈ ಮೆಷಿನ್ನೇ ವಾಸಿ ಕಣೇ. ಅದು ಹೇಳಿದ ಹಾಗಾದರೂ ಕೇಳುತ್ತೆ.’

ಹುಡುಗಿ ಉತ್ತರ ಕೊಡಲಿಲ್ಲ. ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ತಂಗಿಯ ಕಷ್ಟ ನನಗೆ ಗೊತ್ತು. ಅವಳನ್ನು ಹಗುರ ಮಾಡಿ ಈ ಮಾತು ಬರೆಯುತ್ತಿಲ್ಲ. ಆದರೆ ಅವಳ ಮಾತಿನಲ್ಲಿ ನಮ್ಮ ಸಮಾಜದ ಹಳೆಯ ನಂಬಿಕೆ ಬತ್ತಲೆಯಾಗಿ ಹೊರಬಂದಿತ್ತು. ಕೇಳುವುದಷ್ಟೇ ಗುಣವಾದರೆ ಯಂತ್ರಕ್ಕಿಂತ ಗುಣವಂತೆ ಇನ್ನೊಬ್ಬಳಿಲ್ಲ. ಅದೇ ಯಂತ್ರ ರೆಕ್ಕೆಯನ್ನೂ ಕತ್ತರಿಸುತ್ತದೆ, ನಿಷೇಧವಾದ ನವಿಲನ್ನೂ ಕತ್ತರಿಸುತ್ತದೆ, ತಂತಿಯ ದಾರಿಯಲ್ಲಿ ಮಗುವಿನ ಬೆರಳಿದ್ದರೆ ಅದನ್ನೂ ಸುಡುತ್ತದೆ. ಅದನ್ನು ಒಳ್ಳೆಯದೆಂದೂ ಹೇಳಲಾಗದು, ಕೆಟ್ಟದ್ದೆಂದೂ ಹೇಳಲಾಗದು. ಒಳ್ಳೆಯದು ಕೆಟ್ಟದ್ದು ಎರಡೂ ಅಲ್ಲದೆ ಇರುವುದೇ ಅದರ ವಿಧೇಯತೆ.

ನಮ್ಮ ಪುರಾಣದಲ್ಲಿ ವಿಧೇಯತೆಗೆ ದೊಡ್ಡ ಹೆಸರು ಪರಶುರಾಮನದು. ಸವದತ್ತಿಯ ಎಲ್ಲಮ್ಮನಿಗೆ ಕೈಮುಗಿಯುವ ನಮ್ಮೆಲ್ಲರಿಗೂ ರೇಣುಕೆಯ ಆ ಕಥೆ ಗೊತ್ತು. ತಾಯಿಯ ತಲೆ ಕಡಿ ಎಂದು ಜಮದಗ್ನಿ ಹೇಳಿದಾಗ ಹಿರಿಯ ಮಕ್ಕಳು ಒಲ್ಲೆವೆಂದು ಶಾಪಕ್ಕೆ ಗುರಿಯಾದರು. ಪರಶುರಾಮ ಕೊಡಲಿ ಎತ್ತಿದ. ತಂದೆ ಮೆಚ್ಚಿ ವರ ಕೇಳು ಎಂದ. ಮಗ ಕೇಳಿದ್ದು ಏನು? ತಾಯಿ ಬದುಕಲಿ, ಅಣ್ಣಂದಿರು ಮೊದಲಿನಂತಾಗಲಿ. ಈ ವರವನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಮಾಡಿದ್ದು ಸರಿಯಾಗಿದ್ದರೆ ಅದನ್ನು ಅಳಿಸು ಎಂದು ಕೇಳುವುದು ಯಾಕೆ? ಕೊಡಲಿಗೆ ಆ ವರ ಕೇಳಲು ಬರುತ್ತಿರಲಿಲ್ಲ. ಕೊಡಲಿಯಾಗದೆ ಮಗನಾಗಿ ಉಳಿದದ್ದರಿಂದ ಅವನು ಕೇಳಿದ. ಆದರೆ ಕಡಿದದ್ದನ್ನು ಕೂಡಿಸಿಕೊಡುವ ತಪಸ್ಸು ನಮ್ಮ ನಿಮ್ಮ ಮನೆಯ ಹಿರಿಯರಿಗೆ ಇಲ್ಲ. ತಂತಿ ಹಾದುಹೋದ ಫೋಮು ಮತ್ತೆ ಕೂಡುವುದಿಲ್ಲ.

ಇದಕ್ಕಿಂತ ನನಗೆ ಹತ್ತಿರವಾದ ಕಥೆ ಚಂದ್ರಹಾಸನದು. ಲಕ್ಷ್ಮೀಶನ ಜೈಮಿನಿ ಭಾರತದಿಂದಾಗಿ ಅದು ಕನ್ನಡದ ಮನೆಮನೆಯ ಕಥೆ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಪತ್ರ ಬರೆಯುತ್ತಾನೆ: ಇದನ್ನು ತಂದವನಿಗೆ ವಿಷ ಕೊಡು. ಆ ಪತ್ರವನ್ನು ಹೊತ್ತು ತರುವವನು ಚಂದ್ರಹಾಸನೇ. ಒಳಗೆ ಏನಿದೆ ಎಂದು ಅವನು ನೋಡುವುದಿಲ್ಲ. ಹಿರಿಯರು ಕೊಟ್ಟದ್ದು, ತಲುಪಿಸಬೇಕು, ಅಷ್ಟೆ. ದಾರಿಯಲ್ಲಿ ಉದ್ಯಾನದಲ್ಲಿ ಮಲಗಿದ್ದಾಗ ಮಂತ್ರಿಯ ಮಗಳು ವಿಷಯೆ ಆ ಪತ್ರವನ್ನು ಬಿಚ್ಚಿ ಓದುತ್ತಾಳೆ. ‘ವಿಷ’ ಎಂದಿದ್ದಲ್ಲಿ ‘ವಿಷಯೆ’ ಎಂದು ತಿದ್ದುತ್ತಾಳೆ. ಪತ್ರ ಓದಿದ ಮದನ ತಂದೆಯ ಅಪ್ಪಣೆಯಂತೆ ತಂಗಿಯನ್ನು ಧಾರೆಯೆರೆದು ಕೊಡುತ್ತಾನೆ.

ಮಕ್ಕಳಿಗೆ ಈ ಪಾಠ ಹೇಳುವಾಗ ನಾವು ದೈವದ ಮಹಿಮೆ ಎಂದು ಮುಗಿಸುತ್ತೇವೆ. ಈಗ ನನಗೆ ಇನ್ನೊಂದು ಕಾಣುತ್ತದೆ. ಮದನ ಒಳ್ಳೆಯವನು, ವಿಧೇಯ ಮಗ. ತಿದ್ದದ ಪತ್ರ ಬಂದಿದ್ದರೆ ಅದೇ ವಿಧೇಯತೆಯಿಂದ ವಿಷ ಕೊಡುತ್ತಿದ್ದ! ಚಂದ್ರಹಾಸನೂ ವಿಧೇಯ, ತನ್ನ ಸಾವನ್ನು ತಾನೇ ನಂಬಿಕೆಯಿಂದ ಹೊತ್ತು ತಂದ. ಇಡೀ ಕಥೆಯಲ್ಲಿ ಪತ್ರವನ್ನು ನಡುದಾರಿಯಲ್ಲಿ ಓದಿದವಳು ಒಬ್ಬಳೇ. ಪರರ ಪತ್ರ ಓದಬಾರದೆಂಬ ನಿಯಮವನ್ನು ಅವಳು ಮುರಿದಳು, ತಂದೆಯ ಮಾತನ್ನು ಮೀರಿದಳು, ಒಂದು ಅಕ್ಷರ ಸೇರಿಸಿದಳು. ಜಿ20 ಎಂದಿದ್ದನ್ನು ಕಂಡು ಜಿ21 ಎಂದು ತಿದ್ದುವ ನಮ್ಮ ಹುಡುಗಿಯ ಹಾಗೆ. ಬರೆದವನಿಗೂ ಮಾಡುವವನಿಗೂ ನಡುವೆ ಓದುವ ಒಂದು ಕಣ್ಣು ಬೇಕು.

ಇದು ಬರೀ ಕಥೆಯ ಮಾತಲ್ಲ. 2014ರಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹತ್ತು ದಿನದ ರಜೆ ಕೋರಿ ಅರ್ಜಿ ತಂದಳು. ನಾವು ಕಲಿಸಿಕೊಟ್ಟ ಮಾದರಿಯಲ್ಲೇ ಇತ್ತು. ಇವರಿಂದ, ಇವರಿಗೆ, ವಿಷಯ, ಮಾನ್ಯರೇ, ಎಲ್ಲವೂ ಅದರದರ ಜಾಗದಲ್ಲಿ. ಮನೆಯಲ್ಲಿ ಅಕ್ಕನ ಮದುವೆ ಇರುವುದರಿಂದ ರಜೆ ದಯಪಾಲಿಸಬೇಕು. ಕೊನೆಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’. ಕೆಳಗೆ ತಂದೆಯ ಸಹಿ. ಗುಮಾಸ್ತರು ದಿನಾಂಕ ನೋಡಿದರು, ಸಹಿ ನೋಡಿದರು, ಸರಿಯಾಗಿದೆ ಎಂದು ಮುದ್ರೆ ಒತ್ತಿದರು. ಸಿ.ಎನ್.ಸಿ. ಯಂತ್ರವೂ ಪರೀಕ್ಷಿಸುವುದು ಇಷ್ಟನ್ನೇ. ಸಾಲಿನ ವ್ಯಾಕರಣ ಸರಿಯಿದೆಯೇ ಎಂದು ನೋಡುತ್ತದೆ. ಸಾಲು ಹೇಳುವ ಕೆಲಸ ಸರಿಯೇ ಎಂದು ನೋಡುವುದಿಲ್ಲ.

ಅರ್ಜಿ ಮೇಜಿನ ಮೇಲಿದ್ದಾಗ ನಮ್ಮ ಹೊಲಿಗೆ ಟೀಚರು ಯಾವುದೋ ರಿಜಿಸ್ಟರು ಹುಡುಕುತ್ತ ಬಂದವರು ಅದನ್ನು ಓದಿದರು. ಹುಡುಗಿಯನ್ನು ಕರೆದು ಮೆಲ್ಲಗೆ ಕೇಳಿದರು: ‘ನಿಮ್ಮ ಮನೆಯಲ್ಲಿ ನೀನೇ ದೊಡ್ಡವಳಲ್ಲವೇನೇ? ಅಕ್ಕ ಎಲ್ಲಿಂದ ಬಂದಳು?’ ಹುಡುಗಿಯ ಕೈ ನಡುಗಿತು. ಮದುವೆ ಅವಳದೇ. ತಂದೆ ಹೇಳಿ ಬರೆಸಿದ್ದ, ಅವಳು ಬರೆದಿದ್ದಳು. ಅವಳಷ್ಟು ಹೇಳಿದ ಮಾತು ಕೇಳುವ ಹುಡುಗಿ ಆ ತರಗತಿಯಲ್ಲಿ ಇನ್ನೊಬ್ಬಳಿರಲಿಲ್ಲ. ಚಂದ್ರಹಾಸನಿಗೆ ತಾನು ಹೊತ್ತದ್ದು ಏನೆಂದು ಗೊತ್ತಿರಲಿಲ್ಲ. ಈ ಮಗುವಿಗೆ ಗೊತ್ತಿತ್ತು. ಗೊತ್ತಿದ್ದೂ ತಂದು ಕೊಟ್ಟಿತು. ಕೇಳುವುದನ್ನು ಬಿಟ್ಟು ಬೇರೆ ಏನನ್ನೂ ನಾವು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲವಲ್ಲ.

ಹೊಲಿಗೆ ಟೀಚರು 1098ಕ್ಕೆ ಫೋನು ಮಾಡಿದರು. ಬಾಲ್ಯವಿವಾಹ ನಿಷೇಧದ 2006ರ ಕಾಯಿದೆಯ ಬಲದಿಂದ ಮದುವೆ ನಿಂತಿತು. ಹುಡುಗಿ ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಳು. ಆ ಮನೆಯವರು ಹೊಲಿಗೆ ಟೀಚರನ್ನು ಕಂಡರೆ ಬಹಳ ಕಾಲ ಮುಖ ತಿರುಗಿಸುತ್ತಿದ್ದರು. ತಂದೆಯೂ ದುಷ್ಟನೇನಲ್ಲ, ಸಾಲವಿತ್ತು, ಮಗಳ ಭಾರ ಕಳೆದರೆ ಸಾಕೆಂಬ ಭಯವಿತ್ತು. ಮಗಳು ಒಂದು ಸಲ ‘ಬೇಡಪ್ಪ’ ಎಂದಿದ್ದರೆ ಅವನ ಮನಸ್ಸು ತಿರುಗುತ್ತಿತ್ತೋ ಏನೋ ಯಾರು ಬಲ್ಲರು? ಅವಳ ಮೌನದಿಂದ ಅವನಿಗೆ ಯೋಚಿಸುವ ಅವಕಾಶವೂ ತಪ್ಪಿತು.

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು. ಹಾಗಾದರೆ ಮಕ್ಕಳು ಯಾರ ಮಾತನ್ನೂ ಕೇಳಬಾರದೇ? ಎಲ್ಲದಕ್ಕೂ ‘ಯಾಕೆ’ ಎಂದರೆ ಮನೆ ನಡೆದೀತೇ, ಶಾಲೆ ನಡೆದೀತೇ? ಅರವತ್ತು ಮಕ್ಕಳ ತರಗತಿಯಲ್ಲಿ ನಿಂತವಳು ನಾನು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾರೆ. ಬೆಂಕಿ ಮುಟ್ಟಬೇಡ ಎಂದಾಗ ಮಗು ಮೊದಲು ಕೈ ತೆಗೆಯಬೇಕು, ಕಾರಣ ಆಮೇಲೆ ಕೇಳಲಿ. ನಮ್ಮ ಹುಡುಗಿಯ ಯಂತ್ರದಲ್ಲೂ ಒಂದು ಕೆಂಪು ಗುಂಡಿಯಿದೆ. ಒತ್ತಿದ ಕ್ಷಣ ಎಲ್ಲವೂ ನಿಲ್ಲಬೇಕು, ಅಲ್ಲಿ ಚರ್ಚೆಯಿಲ್ಲ. ದಿನನಿತ್ಯದ ನೂರು ಕೆಲಸಗಳಲ್ಲಿ ಒಬ್ಬರ ಮಾತು ಇನ್ನೊಬ್ಬರು ಕೇಳದೆ ಸಂಸಾರ ಸಾಗುವುದಿಲ್ಲ. ಆದರೆ ಅದು ಅನುಕೂಲದ ಮಾತು, ನಂಬಿಕೆಯ ಮಾತು. ಒಲೆ ಹೊತ್ತಿಸಲು ಬೆಂಕಿ ಬೇಕು ಎಂದ ಮಾತ್ರಕ್ಕೆ ಬೆಂಕಿಯೇ ಅಡುಗೆಯಲ್ಲ. ಕೇಳುವ ಅಭ್ಯಾಸ ಒಳ್ಳೆಯದಾಗುವುದು, ಕೇಳಬಾರದ ಮಾತು ಬಂದಾಗ ನಿಲ್ಲುವ ಶಕ್ತಿಯೂ ಜೊತೆಗಿದ್ದರೆ ಮಾತ್ರ. ನಿಲ್ಲಲು ಬಾರದವಳು ಕೇಳಿದಳು ಎನ್ನುವುದರಲ್ಲಿ ಹೊಗಳುವಂಥದ್ದು ಏನಿದೆ? ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

ಇನ್ನೊಂದು ಮಾತನ್ನು ನಾವು ಯೋಚಿಸುವುದೇ ಇಲ್ಲ. ಕೇಳುವವಳ ಗುಣವನ್ನು ಇಷ್ಟು ಅಳೆಯುವ ನಾವು ಹೇಳುವವರ ಗುಣವನ್ನು ಅಳೆಯುವುದಿಲ್ಲ. ಸೌದೆ ಕೋಣೆಯಲ್ಲಿ ನಾನು ಕಂಡ ದೊಡ್ಡ ಪಾಠ ಇದೇ. ಯಂತ್ರ ತನ್ನ ಮಾತನ್ನು ತಪ್ಪದೆ ಕೇಳುತ್ತದೆ ಎಂಬ ಕಾರಣಕ್ಕೇ ನಮ್ಮ ಹುಡುಗಿ ಅಷ್ಟು ಎಚ್ಚರವಾಗಿರುತ್ತಾಳೆ. ಚಿತ್ರವನ್ನು ಕೋಡಿಗೆ ತಿರುಗಿಸಿದ ಮೇಲೆ ಸಾಲು ಸಾಲಾಗಿ ಕಣ್ಣಾಡಿಸುತ್ತಾಳೆ. ಪರದೆಯ ಮೇಲೆ ತಂತಿಯ ದಾರಿಯನ್ನು ಓಡಿಸಿ ನೋಡುತ್ತಾಳೆ. ಆಮೇಲೆ ಫೋಮು ಇಡದೆ, ತಂತಿ ಕಾಯಿಸದೆ, ಬರಿಗಾಳಿಯಲ್ಲಿ ಒಂದು ಸಲ ಪೂರ್ತಿ ನಡೆಸುತ್ತಾಳೆ. ಕಿಟಕಿ ತೆರೆದಿದೆಯೇ, ಹೊಗೆ ಹೊರಗೆ ಹೋಗುತ್ತದೆಯೇ ಎಂದು ನೋಡುತ್ತಾಳೆ. ಕೊನೆಗೆ ಕೆಂಪು ಗುಂಡಿಯ ಬಳಿ ಕೈ ಇಟ್ಟುಕೊಂಡೇ ಶುರು ಮಾಡುತ್ತಾಳೆ. ಎದುರಾಡುವ ಸಹಾಯಕಿಯೊಬ್ಬಳಿದ್ದಿದ್ದರೆ ಈ ಎಚ್ಚರದಲ್ಲಿ ಅರ್ಧ ಅವಳೇ ಹೊರುತ್ತಿದ್ದಳು. ‘ಅಕ್ಕಾ, ಇಂಚು ಬಿದ್ದಿದೆ ನೋಡಿ’ ಎನ್ನುತ್ತಿದ್ದಳು. ತುಟಿಪಿಟಕ್ಕೆನ್ನದ ಯಂತ್ರದ ಮುಂದೆ ಹೇಳುವವಳೇ ಇಬ್ಬರ ಬುದ್ಧಿಯನ್ನೂ ಹೊರಬೇಕು.

ಎದುರಾಡದ ಮಗಳನ್ನು, ಎದುರಾಡದ ಸೊಸೆಯನ್ನು ಪಡೆದವರು ಇಷ್ಟು ಎಚ್ಚರ ವಹಿಸುತ್ತಾರೆಯೇ? ಇಲ್ಲ. ಅವರು ನಿಶ್ಚಿಂತರಾಗಿಬಿಡುತ್ತಾರೆ. ಯಂತ್ರಕ್ಕೆ ಕೊಡುವ ಒಂದು ಸಾಲಿನ ಬಗ್ಗೆ ನಾಲ್ಕು ಸಲ ಯೋಚಿಸುವ ಲೋಕ, ಹೆಣ್ಣಿನ ಇಡೀ ಬಾಳಿಗೆ ಕೊಡುವ ಒಂದು ಮಾತಿನ ಬಗ್ಗೆ ಒಂದು ಸಲವೂ ಯೋಚಿಸದೆ ‘ನಾವು ಹೇಳಿದರೆ ಆಯಿತು’ ಎನ್ನುತ್ತದೆ. ಅವಳು ಬಾಯಿ ಬಿಡುವುದಿಲ್ಲ ಎಂದಾದರೆ ನಾವು ಇನ್ನೂ ಹೆಚ್ಚು ಯೋಚಿಸಬೇಕಲ್ಲವೇ?

ನನ್ನ ತಂಗಿಗೆ ಒಂದು ದಿನ ಇಷ್ಟನ್ನೇ ಹೇಳಿದೆ. ನಿನ್ನ ಮಗಳು ‘ಯಾಕೆ’ ಎನ್ನುತ್ತಾಳಲ್ಲ, ಅದು ನಿನ್ನ ಭಾರದಲ್ಲಿ ಅರ್ಧವನ್ನು ಅವಳು ಹೊರುತ್ತಿರುವುದು. ನಾಳೆ ನೀನು ತಪ್ಪು ಹೇಳಿದರೂ ಹೆದರಬೇಕಿಲ್ಲ, ಮನೆಯಲ್ಲಿ ಓದಿ ನೋಡುವ ಒಂದು ಕಣ್ಣಿದೆ ಎಂದೆ. ‘ನಿನ್ನ ಮಾತಿನಿಂದ ಅಕ್ಕಿ ಬರುತ್ತೇನೇ?’ ಎಂದಳು ಅವಳು. ಬರುವುದಿಲ್ಲ, ನಿಜ. ಆ ಮದುವೆ ಕೆಲಸ ಹೋದದ್ದು ಹೋಯಿತು. ಹುಡುಗಿ ಈಗ ಕಾಲೇಜು ಮಕ್ಕಳ ಮಾದರಿ ವಿಮಾನ ಸ್ಪರ್ಧೆಗೆ ರೆಕ್ಕೆಗಳನ್ನು ಕತ್ತರಿಸಿಕೊಡುತ್ತಾಳೆ. ಅದರಿಂದ ಬರುವುದು ಮದುವೆಯ ನವಿಲಿನಷ್ಟು ಬರುವುದಿಲ್ಲ. ಒಳ್ಳೆಯದು ಮಾಡಿದವರಿಗೆ ಲಾಭವೂ ಆಗಿಯೇ ಆಗುತ್ತದೆ ಎಂದು ಬರೆದು ನಿಮ್ಮನ್ನು ಮೋಸಗೊಳಿಸಲಾರೆ. ಬೇಡ ಎನ್ನುವುದಕ್ಕೆ ಬೆಲೆ ಇದೆ, ಆ ಬೆಲೆಯನ್ನು ಬಹಳ ಸಲ ಹೆಂಗಸರೇ ಕೊಡುತ್ತಾರೆ. ಹೊಲಿಗೆ ಟೀಚರೂ ಕೊಟ್ಟರು.

ಪತ್ರಲೇಖನದ ಪಾಠ ಈಗಲೂ ನನ್ನದೇ. ರಜೆ ಅರ್ಜಿಯ ಕೊನೆಗೆ ‘ವಿಧೇಯ’ ಎಂದು ಬರೆಸುತ್ತೇನೆ. ಪರೀಕ್ಷೆಯಲ್ಲಿ ಮಾದರಿಗೆ ಅಂಕವಿದೆ, ಮಕ್ಕಳ ಅಂಕ ಕಳೆಯುವ ಹಕ್ಕು ನನಗಿಲ್ಲ. ಆದರೆ ಬರೆಸುವ ಮೊದಲು ಒಂದು ಕೆಲಸ ಮಾಡಿಸುತ್ತೇನೆ. ಬರೆದ ಅರ್ಜಿಯನ್ನು ಪ್ರತಿಯೊಬ್ಬರೂ ಮತ್ತೊಬ್ಬರಿಗೆ ಕೊಡಬೇಕು, ಅವರು ಅದನ್ನು ಗಟ್ಟಿಯಾಗಿ ಓದಿ ‘ಇದು ನಿಜವೇ? ಇದು ನಿನಗೆ ಬೇಕೇ?’ ಎಂದು ಕೇಳಬೇಕು. ಹೌದು ಎಂದರೆ ಸಹಿ. ಮಕ್ಕಳು ಮೊದಮೊದಲು ಕಿಸಿಕಿಸಿ ನಗುತ್ತಾರೆ. ಹೊಟ್ಟೆನೋವು, ಜ್ವರ, ಅಜ್ಜಿಯ ತಿಥಿ ಎಂದು ಸುಳ್ಳು ಅರ್ಜಿಗಳ ಸಂತೆಯೇ ನಡೆಯುತ್ತದೆ. ಕಳೆದ ತಿಂಗಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗೆಳತಿಯ ಅರ್ಜಿ ಓದಿ ‘ಬೇ’ ಎಂದು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಕೇಳಮ್ಮ, ಕೇಳು’ ಎಂದೆ.